ತಟ್ಟಿದರೂ ಬಿಡದ ಸಿನಿಮಾ

ಸೋತೆನೆಂದವನನ್ನು ಆ ಕ್ಷಣವೇ ಬಿಟ್ಟುಬಿಡುವುದರ ಮೇಲೆ ಮನುಷ್ಯಕುಲದ ನಾಗರಿಕತೆ ನಿಂತಿದೆ. ಈ ಮಹಾಸತ್ಯ ನನಗೆ ಹೊಳೆದದ್ದು ಸನತ್‌ನಗರದ ಒಂದು ತಗಡಿನ ಶೆಡ್ಡಿನಲ್ಲಿ, ನನ್ನ ಕುತ್ತಿಗೆ ಇನ್ನೊಬ್ಬರ ಕಂಕುಳಲ್ಲಿದ್ದಾಗ.

ಐವತ್ತು ದಾಟಿದ ಮೇಲೆ, ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಎಂದದ್ದಕ್ಕೆ, ನಾನು ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಲು ಸೇರಿದೆ. ನೆಲದ ಮೇಲೆ ಹೊರಳಾಡುತ್ತ ಒಬ್ಬರ ಕೀಲನ್ನೋ ಕತ್ತನ್ನೋ ಇನ್ನೊಬ್ಬರು ಬಿಗಿಹಿಡಿಯುವ ವಿದ್ಯೆ. ಅಲ್ಲಿ ಶಾಸ್ತ್ರ ಒಂದೇ: ಸಿಕ್ಕಿಬಿದ್ದವನು ಅಂಗೈಯಿಂದ ತಟ್ಟಿದರೆ ಹಿಡಿದವನು ಬಿಡಬೇಕು, ಮರುಮಾತಿಲ್ಲ. ಅಭ್ಯಾಸಕ್ಕೆ ನನಗಿದ್ದ ಒಬ್ಬರೇ ಜೊತೆಗಾರರು ಬೀದರ್ ಕಡೆಯವರು. ರೈಲ್ವೆ ನೌಕರಿ, ಮಲ್ಕಾಜ್‌ಗಿರಿಯಲ್ಲಿ ಮನೆ. ಎಷ್ಟು ಸಲ ನನ್ನ ಉಸಿರು ಕಟ್ಟಿಸಿದರೋ ಅಷ್ಟೂ ಸಲ ಸವಿನಯವಾಗಿ ಬಿಟ್ಟವರು.

ಭಾನುವಾರ ಅಭ್ಯಾಸ ಮುಗಿದ ಮೇಲೆ ನಮ್ಮ ತೆಲುಗು ಕೋಚ್ ಸಾಹೇಬರು ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ನಮ್ಮಂಥವರು ನೋಡಲೇಬೇಕಾದದ್ದು ಎಂದು ಒಂದು ಸಿನಿಮಾ ತೋರಿಸುತ್ತಿದ್ದರು. ಹೆಚ್ಚಿನವುಗಳಲ್ಲಿ ನಾಯಕ ಗಾಳಿಯಲ್ಲೇ ಇರುತ್ತಿದ್ದ. ನೆಲಕ್ಕೆ ಬಿದ್ದರೆ ಬಟ್ಟೆ ಕೊಳೆಯಾದೀತು. ಸೋತು, ಎದ್ದು, ಕೈ ಕುಲುಕಿ, ಮರುದಿನ ಅದೇ ಮ್ಯಾಟಿಗೆ ಬರುವ ಮನುಷ್ಯರಿರುವ ಸಿನಿಮಾ ತೋರಿಸಿ ಎಂದು ನಾನು ಗೋಗರೆಯುತ್ತಲೇ ಇದ್ದೆ. ಒಮ್ಮೆ ಅಂಥದ್ದೂ ಬಂತು. ಶೆಡ್ಡಿಗೆ ಶೆಡ್ಡೇ ನಿದ್ದೆ ಹೋಯಿತು.

ಆಮೇಲೆ ಸಿನಿಮಾದವರೇ ನಮ್ಮಲ್ಲಿಗೆ ಬಂದರು. ನಾಯಕ ಒಬ್ಬ ಪುಂಡನ ಕುತ್ತಿಗೆಯನ್ನು ಹಿಂದಿನಿಂದ ಬಿಗಿಯಬೇಕು; ಬಿಗಿಸಿಕೊಳ್ಳಲು ಪಟ್ಟು ಬಲ್ಲವರೊಬ್ಬರು ಬೇಕಂತೆ. ಕೋಚ್ ನನ್ನ ಜೊತೆಗಾರರನ್ನು ಮುಂದೆ ಮಾಡಿದರು. ಲಿಂಗಂಪಲ್ಲಿಯಾಚೆಯ ಗೋದಾಮಿನಲ್ಲಿ ಚಿತ್ರೀಕರಣ. ನೋಡಲು ನಾನೂ ಹೋದೆ. ನಾಯಕ ಮಹಾಶಯರಿಗೆ ಪಟ್ಟು ಕಲಿಸಿ, ತಟ್ಟಿದರೆ ಬಿಡಬೇಕೆಂದೂ ಹೇಳಿದ್ದಾಯಿತು. ಅವರು ತಲೆಯಾಡಿಸಿದರು.

ಕ್ಯಾಮೆರಾ ಶುರುವಾಯಿತು. ಜೊತೆಗಾರರು ತಟ್ಟಿದರು. ನಾಯಕ ಬಿಡಲಿಲ್ಲ, ಏಕೆಂದರೆ ನಿರ್ದೇಶಕರು ಕಟ್ ಎಂದಿರಲಿಲ್ಲ. ನಿರ್ದೇಶಕರು ಕಟ್ ಎನ್ನಲಿಲ್ಲ, ಏಕೆಂದರೆ ಮುಖ ಚೆನ್ನಾಗಿ ಕೆಂಪಗಾಗುತ್ತಿತ್ತು. ಕೋಚ್ ಬಾಯಿ ತೆರೆಯಲಿಲ್ಲ, ಏಕೆಂದರೆ ಅವರಿಗೆ ನಿರ್ದೇಶಕರ ಪಕ್ಕದಲ್ಲೇ ಕುರ್ಚಿ ಹಾಕಿದ್ದರು. ಜೊತೆಗಾರರು ಮತ್ತೆ ತಟ್ಟಿದರು. ನಾನು ಛೋಡೋ ಎಂದು ಕೂಗಿ ನುಗ್ಗಿದೆ. ಯಾರೋ ನನ್ನ ರಟ್ಟೆ ಹಿಡಿದು, ಶಾಟ್ ಹಾಳಾಗುತ್ತದೆ ಎಂದ. ಅಷ್ಟರಲ್ಲಿ ತಟ್ಟುತ್ತಿದ್ದ ಕೈ ಜೋತುಬಿತ್ತು. ಆಗ ಕಟ್ ಬಂತು. ಹಿಂದೆಯೇ ಚಪ್ಪಾಳೆ.

ನೀರು ಚಿಮುಕಿಸಿದ ಮೇಲೆ ಅವರಿಗೆ ಎಚ್ಚರವಾಯಿತು. ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಅವರೇ ಕೇಳಿದರು.

“ಸರ, ನಾ ತಟ್ಟಿದ್ದು ಕಾಣಸ್ತೇನ್ರಿ?”

“ಕಾಣಿಸಿತು.”

“ಎಲ್ಲಾರಿಗೂ?”

“ಎಲ್ಲರಿಗೂ.”

ಮರುದಿನದಿಂದ ಅವರು ಅಭ್ಯಾಸಕ್ಕೆ ಬರಲಿಲ್ಲ.

ಸಿನಿಮಾ ಬಿಡುಗಡೆಯಾಯಿತು. ಆ ತಟ್ಟುವ ಕೈಯನ್ನು ಹತ್ತಿರದಿಂದ, ನಿಧಾನಗತಿಯಲ್ಲಿ, ಡೋಲು ಬಾರಿಸಿ ತೋರಿಸಿದ್ದರು. ಎಷ್ಟು ಸಹಜ ನಟನೆ ಎಂದು ರಸಿಕರು ಮೆಚ್ಚಿದರು. ಜಿಯು-ಜಿತ್ಸು ಕಲಿಯುವವರು ನೋಡಲೇಬೇಕಾದ ಸಿನಿಮಾ ಇದೇ ಎಂದು ಕೋಚ್ ಮುಂದಿನ ಭಾನುವಾರಕ್ಕೆ ಸಾರಿಬಿಟ್ಟರು. ನಾನು ಮಲ್ಕಾಜ್‌ಗಿರಿಗೆ ಹೋಗಿ ಜೊತೆಗಾರರನ್ನು ವಾಪಸು ಕರೆದೆ.

“ಬರಬೇಕಂತ ನನಗೂ ಭಾಳ ಐತ್ರಿ ಸರ. ಆದ್ರ ಅದನ್ನ ನಮ್ಮ ಮ್ಯಾಟ್ ಮ್ಯಾಲೇ ಕುಂತು ನೋಡೂದು ನನ್ನಿಂದ ಆಗಂಗಿಲ್ಲ. ತೋರಸಂಗಿಲ್ಲ ಅಂತ ಕೋಚ್ ಅಂದ್ರ, ನಾಳೆನೇ ಬರ್ತೀನಿ.”

ಕೋಚ್ ಹಾಗೆ ಅನ್ನಲಿಲ್ಲ. ಸಿನಿಮಾದ ಕೊನೆಯಲ್ಲಿ ನಮ್ಮ ಶೆಡ್ಡಿನ ಹೆಸರು ಬರುತ್ತದೆ, ಇದಕ್ಕಿಂತ ಒಳ್ಳೆಯ ಪ್ರಚಾರ ಎಲ್ಲಿ ಸಿಗುತ್ತದೆ ಎಂದು ತೆಲುಗಿನಲ್ಲಿ ವಿವರಿಸಿದರು. ಅವರು ಎಂಥ ಗುರುವೆಂದು ನಾನೂ ನನಗೆ ಬರುವಷ್ಟು ತೆಲುಗಿನಲ್ಲಿ, ಸಾಲದಾದಾಗ ಕನ್ನಡದಲ್ಲಿ, ಗಂಟಲು ಒಣಗುವವರೆಗೆ ವಿವರಿಸಿದೆ. ಈ ವಯಸ್ಸಿನಲ್ಲಿ ಬಿಪಿ ಏರಿಸಿಕೊಳ್ಳಬಾರದು ಎಂದು ಅವರು ಹಿತವಚನ ನುಡಿದರು.

ಭಾನುವಾರ ಅದೇ ಸಿನಿಮಾ ತೋರಿಸಿದರು. ಆ ತಿಂಗಳು ಹೊಸಬರು ಹಲವರು ಸೇರಿದರು, ಹಳಬರು ಇಬ್ಬರು ಬಿಟ್ಟರು; ಒಬ್ಬರು ಜೊತೆಗಾರರು, ಇನ್ನೊಬ್ಬ ನಾನು.