ನಕ್ಷೆ ಅಕ್ಕ ಊರು ನೋಡಿದ್ದು

ಸರ್ವೇ ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನಕ್ಷೆ ಅಕ್ಕ ಅಂತ. ಸರ್ವೇಯರುಗಳು ಬಿಸಿಲಲ್ಲಿ ಸುತ್ತಿ ಅಳತೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು ಬಂದದ್ದನ್ನು ಅವಳು ಕಿಟಕಿ ಪಕ್ಕದ ಓರೆ ಮೇಜಿನ ಮೇಲೆ ಬಾಗಿ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಹಾಳೆಗೆ ಇಳಿಸುತ್ತಿದ್ದಳು. ಇಪ್ಪತ್ತೆಂಟು ವರ್ಷ ಇದೇ ಕೆಲಸ. ಊರಿನ ಒಂದು ಗಲ್ಲಿಯೂ ಅವಳ ಕೈ ತಪ್ಪಿಸಿಕೊಂಡಿರಲಿಲ್ಲ. ಆದರೆ ಅವುಗಳಲ್ಲಿ ಅವಳು ಕಾಲಿಟ್ಟದ್ದು ಬೆರಳೆಣಿಕೆಯಷ್ಟು. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದದ್ದು ಸಂಜೆ ಐದೂವರೆಯವರೆಗೆ ಮಾತ್ರ. ಹಾಗಾಗಿ ಮನೆ, ಬಸ್ಸು, ಕಚೇರಿ. ಮತ್ತೆ ಬಸ್ಸು, ಮನೆ.

ತಾಯಿ ತೀರಿಕೊಂಡು ಮೂರು ತಿಂಗಳಾದರೂ ಐದು ಹೊಡೆದರೆ ಸಾಕು, ಚೀಲ ಎತ್ತಿಕೊಂಡು ದಡಬಡ ಓಡುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ನೆನಪಾಗುತ್ತಿತ್ತು. ಇದನ್ನು ನೋಡಲಾರದೆ ಟೈಪಿಸ್ಟ್ ಒಂದು ಶನಿವಾರ, "ನಾಳೆ ಬೆಳಿಗ್ಗೆ ರೆಡಿಯಾಗಿರಿ ಅಕ್ಕ. ನಿಮ್ಮೂರನ್ನ ನಿಮಗೇ ತೋರಿಸ್ತೀವಿ," ಅಂದಳು.

ಟೈಪಿಸ್ಟ್ ಗಟ್ಟಿಗಿತ್ತಿ. ಗಂಡ ಆಸೆಪಟ್ಟು ಕೊಂಡು, ಒಂದೇ ಸಲ ಬಿದ್ದು, ಹೆದರಿ ಮೂಲೆಗೆ ನಿಲ್ಲಿಸಿದ್ದ ಮೋಟಾರ್‌ಸೈಕಲನ್ನು ತಾನೇ ಕಲಿತು ಓಡಿಸುವವಳು. ಅವಳ ಜೊತೆಗೆ ಬಂದವನು ಹಳೆಯ ಕಾಗದಪತ್ರಗಳ ಕೋಣೆ ನೋಡಿಕೊಳ್ಳುವ ದಪ್ಪ ಮನುಷ್ಯ. ಅವನಿಗೆ ಕಡತಪ್ಪ ಎಂದೇ ಹೆಸರು ಬಿದ್ದಿತ್ತು. ಅವನ ಬೈಕು ಅವನಷ್ಟೇ ಹಳೆಯದು, ಅವನಂತೆಯೇ ಕೆಮ್ಮುತ್ತಿತ್ತು.

"ಕಾಲು ಆ ಕಡೆ ಈ ಕಡೆ ಹಾಕಿ ಕೂತ್ಕೊಳ್ಳಿ ಅಕ್ಕ. ನನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಆದ್ರೆ ಉಸಿರು ಕಟ್ಟಿಸ್ಬೇಡಿ!" ಎಂದಳು ಟೈಪಿಸ್ಟ್.

ಮೊದಲರ್ಧ ಗಂಟೆ ಅವಳು ಕಣ್ಣು ಬಿಡಲೇ ಇಲ್ಲ. ಬಿಟ್ಟ ಮೇಲೆ ದಾರಿ ಹೇಳತೊಡಗಿದಳು. "ಮುಂದೆ ಎಡಕ್ಕೆ ಒಂದು ಗಲ್ಲಿ, ಹನ್ನೆರಡು ಅಡಿ ಅಗಲ. ಆಮೇಲೆ ಮೂರು ದಾರಿ ಕೂಡುತ್ತೆ." ಕೂಡುತ್ತಲೂ ಇತ್ತು. ಒಂದು ಕಡೆ ಮಾತ್ರ ಅವಳು ನೇರ ರಸ್ತೆ ಎಂದಲ್ಲಿ ಕಡಿದಾದ ಏರು ಎದುರಾಯಿತು. ಕಡತಪ್ಪನ ಬೈಕು ಅರ್ಧದಲ್ಲೇ ಉಸಿರುಬಿಟ್ಟಿತು.

"ಏರು ಅಂತ ಹೇಳ್ಬಾರದಾ ಅಕ್ಕ?" ಅವನು ಬೈಕು ತಳ್ಳುತ್ತ ಏದುಸಿರು ಬಿಟ್ಟ.

"ನಂಗೆ ಹೇಗಪ್ಪ ಗೊತ್ತು? ನನ್ನ ಹಾಳೆ ಮೇಲೆ ಎಲ್ಲಾ ಸಮತಟ್ಟು!" ಅವಳು ನಕ್ಕಳು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಏರಿನ ನೆತ್ತಿಯಲ್ಲಿ ನಿಂತಾಗ ಟೈಪಿಸ್ಟ್ ಕೇಳಿದಳು, "ಇನ್ನೆಲ್ಲಿಗೆ?" ಅಕ್ಕ, "ಬಣ್ಣಗಾರರ ಬೀದಿ," ಅಂದಳು.

ಆ ಬೀದಿಯನ್ನು ಅಳೆದವನು ಒಬ್ಬ ಸರ್ವೇಯರ್. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬೇರೆಯವರು ಅಳತೆ ಪುಸ್ತಕವನ್ನು ಮೇಜಿನ ಮೇಲೆ ಎಸೆದು ಹೋಗುತ್ತಿದ್ದರೆ ಅವನು ಕುರ್ಚಿ ಎಳೆದು ಕೂತು ಒಂದೊಂದು ಬೀದಿಯನ್ನೂ ಬಾಯಲ್ಲಿ ಹೇಳುತ್ತಿದ್ದ. "ಅಲ್ಲಿ ಚರಂಡಿಲಿ ನಿನ್ನೆ ಹಳದಿ ಹರೀತಿತ್ತು, ಇವತ್ತು ನೀಲಿ. ಇದನ್ನ ನಕ್ಷೆಲಿ ಹೇಗೆ ತೋರಿಸ್ತೀರಿ?" ಅಂದಿದ್ದ. ಆಮೇಲೆ, "ಭಾನುವಾರ ಬನ್ನಿ, ಬೈಕಲ್ಲಿ ಕರ್ಕೊಂಡು ಹೋಗ್ತೀನಿ," ಅಂದ. ಅಮ್ಮನನ್ನು ಬಿಟ್ಟು ಬರುವ ಹಾಗಿಲ್ಲ ಎಂದಳು ಅವಳು. ಮೂರು ಸಲ ಕೇಳಿದ. ನಾಲ್ಕನೆಯ ಸಲ ಕೇಳಲಿಲ್ಲ. ವರ್ಗವಾಗಿ ಹೋದ. ಸ್ವಲ್ಪ ದಿನದಲ್ಲೇ ಇಡೀ ಕಚೇರಿಗೆಂದು ಅವನ ಮದುವೆ ಕಾಗದ ಬಂತು.

ಬೀದಿಯಲ್ಲಿ ಈಗ ನೂಲಿಗೆ ಬಣ್ಣ ಹಾಕುವ ಕೆಲಸ ಉಳಿದದ್ದು ಎರಡೇ ಅಂಗಳಗಳಲ್ಲಿ. ಚರಂಡಿ ಒಣಗಿತ್ತು. ಮೊದಲನೆಯ ಅಂಗಳದ ಮುದುಕ ಬೀದಿ ನಲ್ಲಿಯಿಂದ ಎರಡೂ ಕೈಯಲ್ಲಿ ಕೊಡ ಹೊತ್ತು ತರುತ್ತಿದ್ದ. ಅಕ್ಕನಿಗೆ ಅಚ್ಚರಿಯಾಯಿತು. "ನಿಮ್ಮ ಅಂಗಳದಲ್ಲೇ ಬಾವಿ ಇರ್ಬೇಕಲ್ಲ?"

"ಇತ್ತು ತಾಯಿ. ನಮ್ಮಪ್ಪ ತೋಡಿಸಿದ್ದು. ಈಗ ಅದು ನನ್ನ ತಮ್ಮಂದು." ಮುದುಕ ಕೊಡ ಇಳಿಸಿ ಒಳಗೆ ಹೋಗಿ, ಮಡಿಕೆ ಹರಿದ ನಕ್ಷೆಯೊಂದನ್ನು ತಂದು ಬಿಚ್ಚಿದ. "ನೋಡಿ, ಸರ್ಕಾರದ ಕಾಗದ. ನಮ್ಮ ಪಾಲಿನ ಗಡಿ ಗೆರೆ ಬಾವಿಯ ಈಚೆಗಿದೆ. ಅವತ್ತಿಂದ ನಮ್ಮಿಬ್ಬರಿಗೂ ಮಾತಿಲ್ಲ."

ತನ್ನ ಕೈಬರಹವನ್ನು ಅವಳು ಗುರುತಿಸದೇ ಇರುತ್ತಾಳೆಯೇ? ಬಾವಿಯ ನಡುವೆ ಗೆರೆ, ಇಬ್ಬರಿಗೂ ನೀರು ಎಂದು ಆ ಸರ್ವೇಯರ್ ಬೆರಳಿಟ್ಟು ತೋರಿಸಿದ್ದು ನೆನಪಾಯಿತು. ಮೂಲೆಯಲ್ಲಿದ್ದ ತಾರೀಕು ನೋಡಿದಳು. ಮದುವೆ ಕಾಗದ ಬಂದ ದಿನ.

"ಈ ಗೆರೆ ಎಳೆದದ್ದು ನಾನು. ತಪ್ಪಾಗಿ ಎಳ್ದಿದೀನಿ."

ಮುದುಕ ನಕ್ಷೆ ಕೆಳಗಿಟ್ಟ. "ಯಾಕಮ್ಮ?"

"ಆ ದಿನ ಮನಸ್ಸು ನೆಟ್ಟಗಿರ್ಲಿಲ್ಲ."

"ನಿಮಗೆ ಒಂದು ದಿನ. ನಮಗೆ ಇಪ್ಪತ್ತೆರಡು ವರ್ಷ ಆಯ್ತು."

ಕಡತಪ್ಪ ಮುಂದೆ ಬಂದ. "ಆ ಅಳತೆ ಪುಸ್ತಕ ನನ್ನ ಕೋಣೆಲೇ ಇರುತ್ತೆ. ಅಲ್ಲಿಂದ ಇಲಿ ಬಿಟ್ರೆ ಇನ್ನೇನೂ ಹೊರಗೆ ಹೋಗಿಲ್ಲ. ಹತ್ತಿ ಬೈಕು!"

ಕಚೇರಿಯ ಕಾವಲುಗಾರನನ್ನು ಒಪ್ಪಿಸಿ ಬೀಗ ತೆಗೆಸಿದರು. ಧೂಳಿಗೆ ಸೀನಿ ಸೀನಿ ಕಡತಪ್ಪ ನಾಲ್ಕನೆಯ ಕಟ್ಟಿನಲ್ಲಿ ಪುಸ್ತಕ ಹುಡುಕಿಕೊಟ್ಟ. ಪೆನ್ಸಿಲ್ ಗೆರೆ ಬಾವಿಯನ್ನು ಸರಿಯಾಗಿ ಎರಡಾಗಿ ಸೀಳಿತ್ತು. ಪಕ್ಕದಲ್ಲಿ ಆ ಸರ್ವೇಯರನ ಓರೆ ಅಕ್ಷರ. ಅಂಚಿನಲ್ಲಿ, ಅಳತೆಗೆ ಸಂಬಂಧವೇ ಇಲ್ಲದೆ, 'ಗೋಡೆ ಮೇಲೆ ಕೂರಲು ಒಳ್ಳೆಯ ಜಾಗ' ಎಂದು ಬರೆದಿತ್ತು. ಯಾರು ಓದಲೆಂದು ಬರೆದಿದ್ದ? ಅಂದು ಆ ಪುಟ ಅವಳ ಕಣ್ಣ ಮುಂದೆಯೇ ಇತ್ತು, ಕಣ್ಣಲ್ಲಿ ನೀರಿತ್ತು, ಕಂಡಿರಲಿಲ್ಲ. ಈಗ ಆ ಸಾಲಿನ ಮೇಲೆ ಬೆರಳಾಡಿಸಿ, ಪಾರದರ್ಶಕ ಹಾಳೆ ಹಾಸಿ ಗೆರೆಯನ್ನಷ್ಟೇ ನಕಲು ಮಾಡಿಕೊಂಡಳು.

ಇಳಿಹೊತ್ತಿಗೆ ಮತ್ತೆ ಬಣ್ಣಗಾರರ ಬೀದಿ. ಟೈಪಿಸ್ಟ್ ಮುದುಕನ ತಮ್ಮನನ್ನೂ ಕರೆದು ತಂದಳು. ಅವನೂ ನರೆತವನೇ. ನಕಲನ್ನು ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. ಅಣ್ಣನ ಮುಖ ನೋಡದೆಯೇ ಹೇಳಿದ:

"ಬಾವಿ ಇಬ್ಬರದು ಅಂತ ನಂಗೆ ಗೊತ್ತೇ ಇತ್ತು. ಕಾಗದ ಸಿಕ್ತು, ಹಠ ಬಂತು. ಇವಮ್ಮಂದು ಒಂದು ಗೆರೆ ತಪ್ಪು, ಅಷ್ಟೆ. ಉಳಿದದ್ದೆಲ್ಲ ನಂದು."

ಅಣ್ಣ ಎದ್ದು ಹೋಗಿ ತಮ್ಮನ ಬಾವಿಗೆ ಬಿಂದಿಗೆ ಇಳಿಬಿಟ್ಟ. ತಮ್ಮ ಹಗ್ಗದ ಇನ್ನೊಂದು ತುದಿ ಹಿಡಿದ.

ಅಕ್ಕ ಬಾವಿ ಪಕ್ಕದ ಗಿಡ್ಡ ಗೋಡೆಯ ಮೇಲೆ ಕೂತು ಅವರು ನೀರು ಸೇದುವುದನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಟೈಪಿಸ್ಟ್ ಕೂರಲು ಬಂದವಳು ಅವಳ ಮುಖ ನೋಡಿ ಸುಮ್ಮನೆ ಬೈಕಿನತ್ತ ನಡೆದಳು.

"ಅಳತೆ ಮಾಡಿದ ಯಜಮಾನರಿಗೂ ಒಂದು ಮಾತು ತಿಳಿಸಿ ತಾಯಿ," ಎಂದ ಮುದುಕ.

"ಅವರು ಈ ಊರಲ್ಲಿಲ್ಲ," ಎಂದಳು ಅಕ್ಕ. "ಇದ್ದಿದ್ರೆ ಇವತ್ತು ನಾನೇ ಕರ್ಕೊಂಡು ಬರ್ತಿದ್ದೆ."

ಸೋಮವಾರ ಅವಳೇ ಸಾಹೇಬರ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. ತಿಂಗಳೊಳಗೆ ಎರಡೂ ಮನೆಗೆ ತಿದ್ದಿದ ನಕ್ಷೆ ಹೋಯಿತು. ಅವಳಿಗೂ ಒಂದು ಕಾಗದ ಬಂತು: ತಪ್ಪಿಗೆ ಕಾರಣವೇನು, ಬರವಣಿಗೆಯಲ್ಲಿ ತಿಳಿಸತಕ್ಕದ್ದು. ಮಧ್ಯಾಹ್ನವೆಲ್ಲ ಓರೆ ಮೇಜಿನ ಮುಂದೆ ಕೂತು, ಕೊನೆಗೆ 'ಕೈತಪ್ಪಿನಿಂದ' ಎಂಬ ಒಂದೇ ಮಾತು ಬರೆದು ಟೈಪಿಸ್ಟ್ ಮುಂದಿಟ್ಟಳು. ಟೈಪಿಸ್ಟ್ ಅದನ್ನು ಓದಿ, ಒಮ್ಮೆ ತಲೆಯೆತ್ತಿ ನೋಡಿ, ಏನೂ ಕೇಳದೆ ಯಂತ್ರಕ್ಕೆ ಹಾಳೆ ಸಿಕ್ಕಿಸಿದಳು.