ಕೂಗುಗುಡ್ಡದ ಮಂಜಿನಲ್ಲಿ ಒಂದು ಹೆಸರು

ಕೊಪ್ಪದಿಂದ ಹೊರಟ ಬಸ್ಸು ಕೂಗುಗುಡ್ಡದ ಪೇಟೆಯಲ್ಲಿ ಚಹಾಕ್ಕೆಂದು ನಿಂತಿತು. ಕಣಿವೆ ನೋಡಿಬರುತ್ತೇನೆಂದು ಹೋದ ನನ್ನ ಹೆಂಡತಿ ಸುಮಿತ್ರಾ ಹಿಂದಿರುಗುವ ಮೊದಲೇ ಮಂಜು ಇಳಿದು ರಸ್ತೆಯೇ ಮಾಯವಾಯಿತು. ಗಾಬರಿಯಿಂದ ಓಡಹೊರಟ ನನ್ನನ್ನು ಹೋಟೆಲಿನ ಸಾಹೇಬರು ತೋಳು ಹಿಡಿದು ನಿಲ್ಲಿಸಿದರು.

“ಹೋಗ್ಬೇಡಿ ಮಾರಾಯ್ರೆ, ಆ ಕಡೆ ಕಮರಿ ಇದೆ. ಅವರ ಹೆಸರು ಹೇಳಿ. ಹೆಸರು ಹಿಡಿದು ಕರೆದ್ರೆ ಯಾರನ್ನೂ ಈ ಗುಡ್ಡ ಇಟ್ಕೊಳ್ಳೋದಿಲ್ಲ ಅಂತ ನಮ್ಮ ಹಿರಿಯರು ಹೇಳೋರು.”

ನಾನು ಹೆಸರು ಹೇಳಿದ್ದೇ ತಡ, “ಸುಮಿತ್ರಮ್ಮಾ!” ಎಂದು ಅವರೇ ಮೊದಲು ಕೂಗಿದರು. ದರ್ಜಿಯ ಅಂಗಡಿಯಿಂದ, ಬಸ್ಸಿನೊಳಗಿಂದ, ಕಣ್ಣಿಗೆ ಕಾಣದ ಜಗಲಿಗಳಿಂದ ಅದೇ ಹೆಸರು ಎದ್ದಿತು. ಕಣಿವೆ ತುಂಬ ಅವಳ ಹೆಸರು.

ದನಿಗಳ ಜಾಡು ಹಿಡಿದು ಸುಮಿತ್ರಾ ಆ ಬಿಳುಪಿನೊಳಗಿಂದ ಮೆಲ್ಲನೆ ನಡೆದು ಬಂದಳು. ಸುತ್ತಲಿನ ಮುಖಗಳನ್ನು ನೋಡಿ ಪಿಸುಗುಟ್ಟಿದಳು: “ಇವರಿಗೆಲ್ಲ ನನ್ನ ಪರಿಚಯ ಯಾವಾಗ ಆಯ್ತು?”