ಗುಬ್ಬಿ ಸೊಸೆಯ ಕಂಪ್ಯೂಟರ್ ಕೆಲಸ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹುಬ್ಬಳ್ಳಿಯಿಂದ ಗುಬ್ಬಿಗೆ ಸೊಸೆಯಾಗಿ ಬಂದೆ. ಓದಿದ್ದು ಪಿಯುಸಿ, ಆದರೆ ತವರೂರಲ್ಲಿ ಕಂಪ್ಯೂಟರ್ ಮೇಲೆ ಕೆಲಸ ಮಾಡಿ ಗೊತ್ತಿತ್ತು. ಗಂಡನ ಫ್ಯಾಕ್ಟರಿ ಮುಚ್ಚಿದ್ದರಿಂದ ನನಗೊಂದು ಕೆಲಸ ಬೇಕೇ ಬೇಕಿತ್ತು. ತುಮಕೂರಿನ ಒಂದು ಆಫೀಸಿಗೆ ಹೋದೆ. ಅಲ್ಲಿ ಹೊಸ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ಇಟ್ಟಿದ್ದರು. ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

"ಡಿಗ್ರಿ ಆಗಿದ್ಯೇನಮ್ಮ?" ಎಂದರು ಮ್ಯಾನೇಜರು.

"ಇಲ್ರಿ ಸರ್. ಆದ್ರ ಕೆಲಸ ಬರ್ತದ್ರಿ, ಈಗ ಮಾಡಿ ತೋರಿಸ್ತೀನಿ."

"ಕೆಲ್ಸ ಬಂದ್ಬುಟ್ರೆ ಆಗೋಯ್ತಾ? ಡಿಗ್ರಿ ಇಲ್ದೋರ್ನ ಕಂಪ್ಯೂಟರ್ ಮುಂದೆ ಕೂರ್ಸಂಗಿಲ್ಲ. ರೂಲ್ಸು."

ಚೀಲ ತೆಗೆದುಕೊಂಡು ಎದ್ದೆ. ಸುಮ್ಮನೆ ಕಳಿಸಬಾರದೆಂದೋ ಏನೋ, ಅರ್ಜಿಯಲ್ಲಿದ್ದ ವಿಳಾಸ ನೋಡಿ, "ಗುಬ್ಬೀಲಿ ಯಾರ ಮನೆ?" ಎಂದು ಕೇಳಿದರು. ಮಾವನವರ ಹೆಸರು ಹೇಳಿದೆ.

"ಅಯ್ಯೋ, ಮೊದ್ಲೇ ಹೇಳ್ಬಾರ್ದೇನಮ್ಮ! ಕುಣಿಗಲ್‌ನಲ್ಲಿರೋ ನಿಮ್ಮ ಚಿಕ್ಕತ್ತೆ ನಮ್ಮಮ್ಮನಿಗೆ ತಂಗಿ ಆಗ್ಬೇಕು. ಸೋಮ್ವಾರದಿಂದ ಬಂದ್ಬುಡಿ."

"ರೂಲ್ಸ್ ಸರ್?"

"ಅದು ಹೊರಗಿನೋರಿಗೆ ಕಣಮ್ಮ."

ಆ ಚಿಕ್ಕತ್ತೆಯನ್ನು ನಾನು ಅದುವರೆಗೆ ನೋಡಿಯೂ ಇರಲಿಲ್ಲ. ಅವರು ಶಾಲೆಯ ಮೆಟ್ಟಿಲು ಹತ್ತಿದವರೇ ಅಲ್ಲವೆಂದು ಆಮೇಲೆ ತಿಳಿಯಿತು. ಆದರೇನು, ತುಮಕೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬೇಕಾದ ಅರ್ಹತೆಯೆಲ್ಲ ಅವರಲ್ಲಿತ್ತು.